ಎಣ್ಣೆ ಆರಿದ ತೊಗಲು, ಎಣ್ಣೆ ಆರಿದ ವಾಯರ್: ಮೆತ್ತನೆಯ ಪ್ಲಾಸ್ಟಿಕ್ಕಿನ ಕತೆ

ಹಾನಗಲ್ಲ ತಾಲ್ಲೂಕಿನ ಒಂದು ಹಳ್ಳಿ. ಹೋದ ಬೇಸಿಗೆಯಲ್ಲಿ ನಮ್ಮ ಬೋರಿನ ಮೋಟಾರು ಕೈಕೊಟ್ಟಿತ್ತು. ಮೇಲೆತ್ತಿ ನೋಡಿದರೆ ಮೋಟಾರು ಸರಿಯಿದೆ, ಸ್ಟಾರ್ಟರಿನಿಂದ ಬರುವ ಕೇಬಲ್ಲೇ ಕೆಟ್ಟಿದೆ. ಹತ್ತು-ಹನ್ನೆರಡು ವರ್ಷ ಬಿಸಿಲಲ್ಲಿ ಬಿದ್ದಿದ್ದ ವಾಯರು. ಕೈಯಲ್ಲಿ ಹಿಡಿದು ಬಗ್ಗಿಸಿದರೆ ಮೇಲಿನ ಪ್ಲಾಸ್ಟಿಕ್ಕು ಒಣಗಿದ ಹುಣಸೆ ಸಿಪ್ಪೆಯಂತೆ ಚಟ್ಟನೆ ಒಡೆಯಿತು, ಒಳಗಿನ ತಾಮ್ರ ಕಾಣಿಸಿತು.

ಪಕ್ಕದಲ್ಲಿ ಕುಂತಿದ್ದ ಅಜ್ಜ ತುಂಡನ್ನು ಇಸಿದುಕೊಂಡು ಬೆರಳಲ್ಲಿ ಉಜ್ಜಿ ನೋಡಿ, "ಇದರಾಗಿನ ಎಣ್ಣಿ ಆರೇತಿ ತಮ್ಮಾ. ಎಣ್ಣಿ ಆರಿದ ತೊಗಲೂ ಹಿಂಗ ಒಡಿತೈತಿ" ಅಂದ.

ನಾನು ನಕ್ಕೆ. ಪ್ಲಾಸ್ಟಿಕ್ಕಿನಾಗ ಎಲ್ಲಿ ಎಣ್ಣಿ ಅಜ್ಜಾ ಅಂದೆ. ಆಮೇಲೆ ಇದರ ಬಗ್ಗೆ ಓದುತ್ತಾ ಹೋದ ಹಾಗೆ ನಗು ನನ್ನ ಮೇಲೇ ತಿರುಗಿತು. ಅಜ್ಜ ಹೇಳಿದ್ದು ಅಕ್ಷರಶಃ ಸರಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನಲ್ಲಿ ನಿಜವಾಗಿಯೂ ಎಣ್ಣೆ ಇರುತ್ತದೆ. ಅದು ಆರಿ ಹೋಗುತ್ತದೆ. ಆರಿದ್ದು ಗಾಳಿಗೆ, ನೀರಿಗೆ, ಮಣ್ಣಿಗೆ, ಕೆಲವೊಮ್ಮೆ ನಮ್ಮ ಮೈಗೂ ಸೇರುತ್ತದೆ. ಆ ಎಣ್ಣೆಯ ಜಾಗಕ್ಕೆ ಮಣ್ಣಲ್ಲಿ ಕರಗುವಂಥದ್ದನ್ನು ಹಾಕಲು ವಿಜ್ಞಾನಿಗಳು ಮಾಡುತ್ತಿರುವ ಪ್ರಯತ್ನಕ್ಕೆ ತನ್ನದೇ ಇತಿಹಾಸವಿದೆ. ಅದರಲ್ಲಿ ನಮ್ಮ ಹೊಲದ ಬದುವಿನ ಔಡಲವೂ ಬರುತ್ತದೆ.

ಅಜ್ಜನಿಗೆ ಗೊತ್ತಿದ್ದ ವಿದ್ಯೆ

ಪಂಪ್‌ಸೆಟ್ಟು ಬರುವ ಮುಂಚೆ ಬಾವಿಯಿಂದ ನೀರೆತ್ತಲು ಎತ್ತು ಹೂಡಿ ತೊಗಲಿನ ಚೀಲ ಇಳಿಬಿಡುತ್ತಿದ್ದರು. ಕಪಿಲೆ ಅನ್ನಿ, ಬೇರೆ ಹೆಸರಿನಿಂದ ಕರೆಯಿರಿ, ಚೀಲ ಮಾತ್ರ ತೊಗಲಿನದೇ. ದಿನವಿಡೀ ನೀರಲ್ಲಿ ಮುಳುಗಿ ಏಳುವ ತೊಗಲು ಬಿಸಿಲಿಗೆ ಒಣಗಿದರೆ ಹಲಗೆಯಂತಾಗುತ್ತದೆ. ಅದಕ್ಕೇ ಆಗಾಗ ಔಡಲೆಣ್ಣೆ ಉಣಿಸುತ್ತಿದ್ದರು. ಬಂಡಿಯ ಅಚ್ಚಿಗೂ ಅದೇ ಎಣ್ಣೆ, ಎತ್ತಿನ ಮಿಣಿಗೂ ಅದೇ, ಚಪ್ಪಲಿಗೂ ಅದೇ.

ಈ ವಿದ್ಯೆಯ ನಿಜವಾದ ಒಡೆಯರು ಸಮಗಾರ, ಮಚಗಾರ ಕುಟುಂಬಗಳವರು. ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಮೇಲೆ ಎಣ್ಣೆ ಎಷ್ಟು ಹಚ್ಚಬೇಕು, ಯಾವ ಬಿಸಿಲಿಗೆ ಎಷ್ಟು ಹೊತ್ತು ಇಡಬೇಕು ಅನ್ನುವುದು ಅವರ ಕೈಗೆ ಗೊತ್ತಿತ್ತು. ಕಡಿಮೆಯಾದರೆ ತೊಗಲು ಒಡೆಯುತ್ತದೆ, ಹೆಚ್ಚಾದರೆ ಜಿಡ್ಡು ಒಸರುತ್ತದೆ. ಇವತ್ತು ಪ್ಲಾಸ್ಟಿಕ್ ಕಾರ್ಖಾನೆಯ ರಸಾಯನ ತಜ್ಞ ಎದುರಿಸುವ ಪ್ರಶ್ನೆಯೂ ಇಷ್ಟೇ. ಆತನಿಗೆ ಪದವಿ ಸಿಗುತ್ತದೆ. ಇವರಿಗೆ ಸಿಕ್ಕಿದ್ದು ಊರ ಹೊರಗಿನ ಕೇರಿ. ರಾಜ್ಯ ಸರ್ಕಾರ ಚರ್ಮೋದ್ಯಮಕ್ಕೆಂದು ಲಿಡ್ಕರ್ ನಿಗಮ ಕಟ್ಟಿದ್ದು 1976ರಲ್ಲಿ. ಅಷ್ಟೊತ್ತಿಗೆ ಸಂತೆಗಳಲ್ಲಿ ಪ್ಲಾಸ್ಟಿಕ್ ಚಪ್ಪಲಿ ರಾಶಿ ಬೀಳತೊಡಗಿತ್ತು.

ಎಣ್ಣೆ ತೊಗಲಲ್ಲಿ ಮಾಡುವ ಕೆಲಸ ಸರಳ. ತೊಗಲಿನ ಒಳಗೆ ಸಾವಿರಾರು ಎಳೆಗಳಿವೆ. ಒಣಗಿದಾಗ ಅವು ಒಂದಕ್ಕೊಂದು ಅಂಟಿಕೊಂಡು ಬಿಗಿಯುತ್ತವೆ. ಎಣ್ಣೆ ನಡುವೆ ಸೇರಿದರೆ ಎಳೆಗಳು ಜಾರುತ್ತವೆ, ತೊಗಲು ಬಾಗುತ್ತದೆ.

ಬಿಸಿಲಿಗಿಟ್ಟ ಗಾಜಿನ ಕೊಳವೆ

ಪಿವಿಸಿ ಹುಟ್ಟಿದ್ದು ಅಕಸ್ಮಾತ್ತಾಗಿ. ಫ್ರಾನ್ಸಿನ ಹೆನ್ರಿ ರೆನ್ಯೊ 1838ರಲ್ಲಿ, ಜರ್ಮನಿಯ ಯೂಜೆನ್ ಬೌಮಾನ್ 1872ರಲ್ಲಿ, ಬಿಸಿಲಿಗಿಟ್ಟ ಗಾಜಿನ ಕೊಳವೆಯೊಳಗಿನ ವಿನೈಲ್ ಕ್ಲೋರೈಡ್ ಬಿಳಿ ಪುಡಿಯಾಗಿ ಗಟ್ಟಿಯಾದದ್ದನ್ನು ಕಂಡರು. ಯಾವ ದ್ರಾವಕಕ್ಕೂ ಜಗ್ಗದ, ಕಾಸಿದರೆ ಕರಗುವ ಮೊದಲೇ ಸುಟ್ಟು ಹೊಗೆಯಾಡುವ ಪುಡಿ ಅದು. ಏನು ಮಾಡಬೇಕೆಂದು ಯಾರಿಗೂ ತಿಳಿಯದೆ ಐವತ್ತು ವರ್ಷ ಹಾಗೇ ಉಳಿಯಿತು.

ಅಷ್ಟರಲ್ಲಿ ಬೇರೊಂದು ಪ್ಲಾಸ್ಟಿಕ್ಕು ಈ ಮೆತ್ತಗೆ ಮಾಡುವ ವಿದ್ಯೆಯನ್ನು ಕಲಿತಿತ್ತು. 1870ರ ಸುಮಾರಿಗೆ ಅಮೆರಿಕದ ಜಾನ್ ಹಯಾಟ್ ಹತ್ತಿಯಿಂದ ಮಾಡಿದ ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ ಸೆಲ್ಯುಲಾಯ್ಡ್ ಮಾಡಿದ. ಹೌದು, ಆರತಿಗೆ ಹಚ್ಚುತ್ತೇವಲ್ಲ, ಅದೇ ಕರ್ಪೂರ. ಮುಂದೆ ಅದೇ ನೈಟ್ರೋಸೆಲ್ಯುಲೋಸನ್ನು ಬಟ್ಟೆಗೆ ಬಳಿದು ನಕಲಿ ತೊಗಲು ಮಾಡಿದರು. ಇಂಗ್ಲೆಂಡಿನ ಒಂದು ಕಂಪನಿ ಅದಕ್ಕಿಟ್ಟ ಹೆಸರು ರೆಕ್ಸಿನ್. ನಾವು ಇವತ್ತಿಗೂ ಸೈಕಲ್ ಸೀಟಿನಿಂದ ಹಿಡಿದು ಕೈಚೀಲದವರೆಗೆ ಎಲ್ಲಕ್ಕೂ ಅದೇ ಹೆಸರು ಹೇಳುತ್ತೇವೆ. ಇಂಥ ನಕಲಿ ತೊಗಲು ಬಾಗುವಂತೆ ಮಾಡಲು ಆಗ ಹೆಚ್ಚಾಗಿ ಬಳಸಿದ್ದು ಯಾವ ಎಣ್ಣೆ ಗೊತ್ತೇ? ಔಡಲೆಣ್ಣೆ! ಅಸಲಿ ತೊಗಲಿಗೂ ಅದೇ, ನಕಲಿಗೂ ಅದೇ.

(ಔಡಲೆಣ್ಣೆಯ ಪ್ರತಾಪ ಇಷ್ಟಕ್ಕೇ ಮುಗಿಯಲಿಲ್ಲ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ ಓಡಿದ್ದು ಇದೇ ಎಣ್ಣೆಯ ಮೇಲೆ. ಕ್ಯಾಸ್ಟ್ರಾಲ್ ಅನ್ನುವ ಎಂಜಿನ್ ಆಯಿಲ್ ಹೆಸರು ಹುಟ್ಟಿದ್ದೂ ಔಡಲದ ಇಂಗ್ಲಿಷ್ ಹೆಸರಿನಿಂದ.)

ಪಿವಿಸಿಗೆ ಎಣ್ಣೆ ಉಣಿಸಿದವನು ವಾಲ್ಡೊ ಸೆಮನ್. ಅಮೆರಿಕದ ಗುಡ್‌ರಿಚ್ ಟೈರ್ ಕಂಪನಿಯಲ್ಲಿದ್ದ ಈತ 1926ರಲ್ಲಿ ಹುಡುಕುತ್ತಿದ್ದದ್ದು ರಬ್ಬರನ್ನು ಕಬ್ಬಿಣಕ್ಕೆ ಅಂಟಿಸುವ ಅಂಟು. ಬೇಗ ಆವಿಯಾಗದ ದ್ರವಗಳಲ್ಲಿ ಪಿವಿಸಿ ಪುಡಿಯನ್ನು ಕುದಿಸಿದ. ಅಂಟು ಸಿಗಲಿಲ್ಲ, ರಬ್ಬರಿನ ಹಾಗೆ ಬಾಗುವ, ನೀರು ಹಿಡಿಯದ ವಸ್ತು ಸಿಕ್ಕಿತು. ಅದನ್ನು ಪರದೆ ಬಟ್ಟೆಗೆ ಬಳಿದು ಮೇಲಧಿಕಾರಿಯ ಕೋಣೆಗೆ ಹೋಗಿ, ಬಟ್ಟೆಯ ಮೇಲೆ ನೀರು ಸುರಿದು ತೋರಿಸಿದನಂತೆ. ನಮ್ಮ ಕಡೆ ಕಂಬಳಿ ಕೊಪ್ಪೆ ಹೊದ್ದು ಗದ್ದೆ ನೆಡುತ್ತಿದ್ದವರ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಬರಲು ಇನ್ನೂ ದಶಕಗಳಿದ್ದವು. ಆದರೆ ದಾರಿ ತೆರೆದದ್ದು ಅಲ್ಲಿ.

ಹೀಗೆ ಮೆತ್ತಗೆ ಮಾಡುವ ವಸ್ತುವಿಗೆ ಪ್ಲಾಸ್ಟಿಸೈಜರ್ ಅನ್ನುತ್ತಾರೆ. 1930ರ ದಶಕದಲ್ಲಿ ಥ್ಯಾಲೇಟ್ ಅನ್ನುವ ಅಗ್ಗದ, ಸುಲಭವಾಗಿ ಬೆರೆಯುವ ಜಾತಿ ಬಂತು. ಅದರಲ್ಲಿ ಡಿಇಎಚ್‌ಪಿ ಅನ್ನುವುದು ಮುಂದಿನ ಅರ್ಧ ಶತಮಾನ ಜಗತ್ತನ್ನೇ ಆಳಿತು. ನಮ್ಮ ವ್ಯಾಪಾರಿಗಳ ಬಾಯಲ್ಲಿ ಅದು ಡಿಒಪಿ.

ಒಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. ಹೊಲದಲ್ಲಿ ಹೂಳುವ ಗಟ್ಟಿ ಪಿವಿಸಿ ಪೈಪಿನಲ್ಲಿ ಈ ಎಣ್ಣೆ ಇರುವುದಿಲ್ಲ. ಪೈಪಿನ ಮೇಲೆ ಯುಪಿವಿಸಿ ಅಂತ ಬರೆದಿರುತ್ತದಲ್ಲ, ಆ 'ಯು' ಅಂದರೆ ಎಣ್ಣೆ ಹಾಕಿಲ್ಲ ಅಂತಲೇ ಅರ್ಥ. ಅದರದು ಬೇರೆ ತಕರಾರು, ಸೀಸದ್ದು. ಅದಕ್ಕೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಹನಿ ನೀರಾವರಿಯ ಕರಿ ಪೈಪು ಪಿವಿಸಿಯೇ ಅಲ್ಲ, ಪಾಲಿಥೀನ್. ಎಣ್ಣೆ ಇರುವುದು ಬಾಗುವಂಥವುಗಳಲ್ಲಿ: ವಾಯರಿನ ಕವಚ, ಹಸಿರು ಹೋಸ್ ಪೈಪು, ಅಗ್ಗದ ಚಪ್ಪಲಿ, ಜಾತ್ರೆಯಲ್ಲಿ ಸಿಗುವ ಮೆತ್ತನೆ ಗೊಂಬೆ, ಸಲಾಯಿನ್ ಕೊಳವೆ, ರಕ್ತದ ಚೀಲ. ಮತ್ತೆ ಫ್ಲೆಕ್ಸ್.

ನಮ್ಮ ಕಡೆಗೆ ಬಂದ ಬಗೆ

ಭಾರತದಲ್ಲಿ ಪಿವಿಸಿ ತಯಾರಿ ಶುರುವಾದದ್ದು 1951ರಲ್ಲಿ, ಮುಂಬಯಿಯ ಕ್ಯಾಲಿಕೊ ಮಿಲ್ಸ್ ಕಾರ್ಖಾನೆಯಲ್ಲಿ. ನಮ್ಮ ಕಾವೇರಿ ಗಡಿ ದಾಟಿದ ಕೂಡಲೇ ಸಿಗುವ ಮೆಟ್ಟೂರಿನಲ್ಲಿ ಕೆಮ್‌ಪ್ಲಾಸ್ಟ್ ಕಾರ್ಖಾನೆ 1967ರಲ್ಲಿ ಆರಂಭವಾಯಿತು. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 57 ಪಾಲು, ಉಪ್ಪಿನಿಂದ ಬರುವ ಕ್ಲೋರಿನ್. ಈ ಕ್ಲೋರಿನ್ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಆಗ ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಹಿರೇಕೆರೂರ ತಾಲ್ಲೂಕಿನ ಮಡಗ-ಮಾಸೂರ ಕೆರೆ ನೋಡಿದವರಿಗೆ ಗೊತ್ತು, ವಿಜಯನಗರದ ಕಾಲದವರು ನೀರನ್ನು ಕಲ್ಲು, ಮಣ್ಣಿನಲ್ಲೇ ಆಳಿದರು. ಬಾಗುವ ಕೊಳವೆಯ ಅಗತ್ಯವೇ ಅವರಿಗಿರಲಿಲ್ಲ. ಕರೆಂಟು, ಪಂಪ್‌ಸೆಟ್ಟು, ಬೋರ್‌ವೆಲ್ ಬಂದ ಮೇಲೆ ವಾಯರು ಬಂತು, ವಾಯರಿನ ಜೊತೆ ಈ ಎಣ್ಣೆ ಬಂತು. ಸವಣೂರಿನ ಎಲೆ ತೋಟಕ್ಕೂ ಬಂತು, ಹಾನಗಲ್ಲಿನ ಗದ್ದೆಗೂ ಬಂತು. ನಿಜ ಹೇಳಬೇಕೆಂದರೆ ಅದರಿಂದ ಸುಖವೂ ಬಂತು. ಕಪಿಲೆ ಹೊಡೆದ ಅಜ್ಜನನ್ನು ಕೇಳಿ ನೋಡಿ, ಹಳೆಯದೇ ಚಲೋ ಇತ್ತು ಅಂತ ಆತ ಹೇಳುವುದಿಲ್ಲ.

ಕೊನೆಗೆ ಫ್ಲೆಕ್ಸ್ ಬಂತು. ಒಳಗೆ ಪಾಲಿಯೆಸ್ಟರ್ ನೂಲಿನ ಬಲೆ, ಹೊರಗೆ ಮೆತ್ತನೆಯ ಪಿವಿಸಿ. ಹುಟ್ಟುಹಬ್ಬದ ಶುಭಾಶಯ ಮುಗಿದ ಮೇಲೆ ಅದು ಗೋವಿನಜೋಳದ ರಾಶಿಗೆ ಹೊದಿಕೆ, ಬಣವೆಗೆ ಟೋಪಿ, ದನದ ಕೊಟ್ಟಿಗೆಗೆ ಗೋಡೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಫ್ಲೆಕ್ಸ್ ನಿಷೇಧಿಸಿತು. 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗೆ ದೇಶಾದ್ಯಂತ ನಿಷೇಧವಿದೆ. ನಿಷೇಧದ ಗತಿ ಏನಾಗಿದೆ ಅನ್ನುವುದನ್ನು ನಿಮ್ಮೂರ ಸರ್ಕಲ್ಲಿನಲ್ಲಿ ನಿಂತು ನೀವೇ ನೋಡಿ.

ಎಣ್ಣೆ ಎಲ್ಲಿಗೆ ಹೋಗುತ್ತದೆ?

ಥ್ಯಾಲೇಟ್ ಪಿವಿಸಿಗೆ ಕಟ್ಟಿಹಾಕಿಕೊಂಡಿರುವುದಿಲ್ಲ. ಸುಮ್ಮನೆ ಎಳೆಗಳ ನಡುವೆ ಕುಂತಿರುತ್ತದೆ. ಬಿಸಿಲಿಗೆ ಆವಿಯಾಗುತ್ತದೆ. ಎಣ್ಣೆ, ಬೆಣ್ಣೆ, ಹಾಲಿನ ಕೊಬ್ಬು ತಾಗಿದರೆ ಅದರೊಳಗೆ ಸೇರಿಕೊಳ್ಳುತ್ತದೆ. ಹೊಸ ಚಪ್ಪಲಿ, ಹೊಸ ಫ್ಲೆಕ್ಸಿನಿಂದ ಬರುವ ವಾಸನೆಯಲ್ಲಿ ಇಂಥ ಹಾರಿಹೋಗುವ ರಾಸಾಯನಿಕಗಳ ಪಾಲಿದೆ.

ಇದು ಬರೀ ವಾಸನೆಯ ಮಾತಲ್ಲ ಅಂತ ಜಗತ್ತಿಗೆ ಗೊತ್ತಾದದ್ದು ರಕ್ತದ ಚೀಲದಿಂದ. 1950ರ ಸುಮಾರಿಗೆ ಗಾಜಿನ ಬಾಟಲಿಯ ಬದಲು ಪಿವಿಸಿ ಚೀಲ ಬಂತು. ಒಡೆಯುವುದಿಲ್ಲ, ಮಡಚಬಹುದು, ಎಷ್ಟೋ ಜೀವ ಉಳಿಯಿತು. ನಮ್ಮಲ್ಲೂ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ 1980ರ ದಶಕದಲ್ಲಿ ದೇಶಿ ರಕ್ತದ ಚೀಲದ ತಂತ್ರಜ್ಞಾನ ರೂಪಿಸಿತು. ಇಂಥ ಚೀಲದ ತೂಕದಲ್ಲಿ ನೂರಕ್ಕೆ 30ರಿಂದ 40 ಪಾಲು ಡಿಇಎಚ್‌ಪಿ. 1970ರಲ್ಲಿ ಅಮೆರಿಕದ ಜೇಗರ್ ಮತ್ತು ರೂಬಿನ್ ಅನ್ನುವ ಸಂಶೋಧಕರು, ಚೀಲದಲ್ಲಿಟ್ಟ ರಕ್ತಕ್ಕೆ ಅದು ಇಳಿಯುತ್ತದೆಂದು ತೋರಿಸಿದರು. ತಮಾಷೆ ನೋಡಿ, ಹಾಗೆ ಇಳಿದ ಎಣ್ಣೆಯೇ ರಕ್ತದ ಕೆಂಪು ಕಣಗಳು ಒಡೆಯದಂತೆ ಕಾಪಾಡುತ್ತದೆ ಅನ್ನುವುದೂ ಮುಂದೆ ಗೊತ್ತಾಯಿತು. ಹಾಗಾಗಿ ರಕ್ತ ಬೇಕಾದಾಗ ಈ ಚೀಲಕ್ಕೆ ಹೆದರಿ ಬೇಡ ಅನ್ನುವುದು ಮೂರ್ಖತನ.

ತಕರಾರು ದಿನನಿತ್ಯ ಮೈಗೆ ಸೇರುವುದರದು, ಅದರಲ್ಲೂ ಹಸುಗೂಸುಗಳದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಡಿಇಎಚ್‌ಪಿ ಗಂಡು ಮರಿಗಳ ಜನನಾಂಗದ ಬೆಳವಣಿಗೆಗೆ ತೊಂದರೆ ಮಾಡಿದ್ದು ಕಂಡಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲಿ ನವಜಾತ ಗಂಡು ಮಕ್ಕಳ ವಿಷಯದಲ್ಲಿ ಆಸ್ಪತ್ರೆಗಳನ್ನು ಎಚ್ಚರಿಸಿತು. ಯುರೋಪು 1999ರಲ್ಲಿ ಮಕ್ಕಳು ಬಾಯಿಗಿಡುವ ಆಟಿಕೆಗಳಲ್ಲಿ ಥ್ಯಾಲೇಟ್‌ಗಳನ್ನು ತಾತ್ಕಾಲಿಕವಾಗಿ ತಡೆದು, 2005ರಲ್ಲಿ ಕಾಯಂ ಕಾನೂನು ಮಾಡಿತು. ದಿಲ್ಲಿಯ ಸಿಎಸ್‌ಇ ಸಂಸ್ಥೆ ನಮ್ಮ ಮಾರುಕಟ್ಟೆಯ 24 ಆಟಿಕೆಗಳನ್ನು ಪರೀಕ್ಷಿಸಿ 2010ರಲ್ಲಿ ವರದಿ ಕೊಟ್ಟಾಗ ಎಲ್ಲದರಲ್ಲೂ ಥ್ಯಾಲೇಟ್ ಇತ್ತು. ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿಯಿಂದ. ಜಾತ್ರೆಯ ಅಂಗಡಿಯಲ್ಲಿ ಗೊಂಬೆ ಕೊಳ್ಳುವಾಗ ಆ ಗುರುತು ಹುಡುಕಿ. ಇಲ್ಲದಿದ್ದರೆ ಕೂಸು ಬಾಯಿಗಿಡುವ ವಯಸ್ಸಿನದಾದರೆ ಬಿಟ್ಟುಬಿಡಿ. ಉಪ್ಪಿನಕಾಯಿ, ಎಣ್ಣೆ, ಹಾಲನ್ನು ಹೋಸ್ ಪೈಪಿನಂಥ ಮೆತ್ತನೆ ಪ್ಲಾಸ್ಟಿಕ್ಕಿನಲ್ಲಿ ಹಾಯಿಸಬೇಡಿ, ಇಡಬೇಡಿ.

ಬೂಸ್ಟು ತಿಂದ ಎಣ್ಣೆ

ಹಾಗಾದರೆ ಔಡಲೆಣ್ಣೆಯನ್ನೇ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹಸಿ ಔಡಲೆಣ್ಣೆ ಪಿವಿಸಿಗೆ ಸರಿಯಾಗಿ ಒಗ್ಗುವುದಿಲ್ಲ, ಸ್ವಲ್ಪ ದಿನಕ್ಕೆ ಹೊರಗೆ ಒಸರುತ್ತದೆ. ಅದಕ್ಕೇ ರಸಾಯನ ತಜ್ಞರು ಅದನ್ನು ಮುರಿದರು. ಕಾಸ್ಟಿಕ್ ಸೋಡಾ ಹಾಕಿ ಜೋರಾಗಿ ಕಾಸಿದರೆ ಔಡಲೆಣ್ಣೆ ಒಡೆದು ಸೆಬಾಸಿಕ್ ಆಮ್ಲ ಸಿಗುತ್ತದೆ. ಅದಕ್ಕೆ ಗ್ಲೈಕಾಲ್ ಸೇರಿಸುತ್ತಾ ಹೋದರೆ ಮಣಿಸರದಂತೆ ಉದ್ದ ಸರಪಳಿ. ಅದೇ ಪಾಲಿಯೆಸ್ಟರ್. ಟೆರಿಕಾಟ್ ಅಂಗಿಯದೂ ಪಾಲಿಯೆಸ್ಟರ್ ಹೌದು, ಆದರೆ ಅದರೊಳಗೆ ಬಿಗಿಯಾದ ಉಂಗುರಗಳಿರುವುದರಿಂದ ಮಣ್ಣಿನ ಜೀವಾಣುಗಳಿಗೆ ಹಲ್ಲು ತಾಗುವುದಿಲ್ಲ. ಈ ಇನ್ನೊಂದು ಜಾತಿ ಮೆತ್ತಗೆ, ಅಂಟಂಟು, ಜೇನಿನ ಹಾಗೆ.

ಇಂಥ ಪಾಲಿಯೆಸ್ಟರ್‌ಗಳು 1940ರ ದಶಕದಲ್ಲೇ ಮೆತ್ತಗೆ ಮಾಡುವ ಎಣ್ಣೆಯಾಗಿ ಬಂದವು. ಅವುಗಳ ಗುಣ ದೊಡ್ಡದು. ಸಣ್ಣ ಎಣ್ಣೆಯ ಕಣ ಬೇಲಿಯ ಸಂದಿಯಲ್ಲಿ ನುಸುಳುವ ಇಲಿಯಾದರೆ, ಇದು ಬೇಲಿಗೆ ಸುತ್ತಿಕೊಂಡ ಬಳ್ಳಿ. ಸುಲಭಕ್ಕೆ ಹೊರಗೆ ಬರುವುದಿಲ್ಲ. ಆದರೆ ಬೆಲೆ ಹೆಚ್ಚು, ದಪ್ಪಗಿರುವುದರಿಂದ ಬೆರೆಸುವುದು ಕಷ್ಟ, ಚಳಿಗೆ ಬಿಗಿಯಾಗುತ್ತದೆ. ಹಾಗಾಗಿ ಅನಿವಾರ್ಯವಾದ ಕಡೆ ಮಾತ್ರ ಬಳಕೆಯಾಯಿತು. ಫ್ರಿಜ್ ಬಾಗಿಲಿನ ಮೆತ್ತನೆಯ ಅಂಚುಪಟ್ಟಿಗೆ, ಎಣ್ಣೆ ಹಾಯುವ ಕೊಳವೆಗೆ ಈಗಲೂ ಹಾಕುತ್ತಾರೆ.

ಈ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇನ್ನೊಂದಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಪೆಸಿಫಿಕ್ ದ್ವೀಪಗಳ ಮಳೆಕಾಡಿಗೆ ಇಳಿದರು. ಅಲ್ಲಿಯ ತೇವಕ್ಕೆ ವಾಯರು, ಡೇರೆ, ರೇಡಿಯೊ ಎಲ್ಲದಕ್ಕೂ ಬೂಸ್ಟು. ನಮ್ಮ ಹಾನಗಲ್ಲ ಕಡೆ ಆಷಾಢದಲ್ಲಿ ಚಪ್ಪಲಿಗೆ ಬೂಸ್ಟು ಬರುತ್ತದಲ್ಲ, ಹಾಗೆ. ಯಾವ ಎಣ್ಣೆಯನ್ನು ಬೂಸ್ಟು ತಿನ್ನುತ್ತದೆ, ಯಾವುದನ್ನು ತಿನ್ನುವುದಿಲ್ಲ ಅಂತ ಸೇನೆಯ ಪ್ರಯೋಗಾಲಯಗಳು ಪಟ್ಟಿ ಮಾಡಿದವು, 1950ರ ದಶಕದಲ್ಲಿ ಪ್ರಕಟಿಸಿದವು. ಔಡಲೆಣ್ಣೆಯಿಂದ ಬಂದವು, ಸೆಬಾಸಿಕ್ ಆಮ್ಲದವು ಬೂಸ್ಟಿಗೆ ಹಬ್ಬದೂಟ. ಥ್ಯಾಲೇಟ್‌ಗಳನ್ನು ಬಹುಮಟ್ಟಿಗೆ ಅದು ಮುಟ್ಟಲಿಲ್ಲ. ತೀರ್ಮಾನ ಸುಲಭವಾಯಿತು: ಬೂಸ್ಟು ತಿನ್ನದ್ದೇ ಒಳ್ಳೆಯ ಎಣ್ಣೆ.

ಅಂದಿನ ಆ ಪಟ್ಟಿಯನ್ನು ಇಂದಿನ ವಿಜ್ಞಾನಿಗಳು ತಲೆಕೆಳಗಾಗಿ ಓದುತ್ತಿದ್ದಾರೆ. ಅಂದು ದೋಷ ಅಂತ ಬರೆದದ್ದೇ ಇಂದು ಗುಣ.

ಯೂನಿಯನ್ ಕಾರ್ಬೈಡ್ ಕಂಪನಿಯ ಕೊಲೆಸ್ಕೆ ಮತ್ತು ಲುಂಡ್‌ಬರ್ಗ್ 1969ರಲ್ಲಿ ಪಾಲಿಕ್ಯಾಪ್ರೊಲ್ಯಾಕ್ಟೋನ್ ಅನ್ನುವ ಪಾಲಿಯೆಸ್ಟರ್ ಪಿವಿಸಿಯೊಂದಿಗೆ ಹಾಲು-ನೀರಿನಂತೆ ಬೆರೆಯುತ್ತದೆಂದು ತೋರಿಸಿದರು. ನಾಲ್ಕೇ ವರ್ಷಕ್ಕೆ ಅದೇ ಕಂಪನಿಯ ಇನ್ನೊಂದು ತಂಡ ಅದನ್ನು ಮಣ್ಣಿನ ಜೀವಾಣುಗಳು ತಿಂದು ಮುಗಿಸುತ್ತವೆಂದು ಬರೆಯಿತು. ಕಾರಣ ಸರಳ. ಅದರ ಕೊಂಡಿ ತುಪ್ಪ, ಎಣ್ಣೆಯಲ್ಲಿರುವ ಎಸ್ಟರ್ ಕೊಂಡಿಯೇ, ಅದನ್ನು ಕತ್ತರಿಸುವ ಕತ್ತರಿ ಮಣ್ಣಿನಲ್ಲಿ ಮೊದಲಿನಿಂದಲೂ ಇದೆ. ಆದರೂ ಅಗ್ಗದ ಥ್ಯಾಲೇಟ್ ಇರುವಾಗ ಯಾರೂ ಕೇಳಲಿಲ್ಲ.

ಕೇಳಲು ಶುರುಮಾಡಿದ್ದು ಕಾನೂನು ಬಿಗಿಯಾದ ಮೇಲೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಮಿನ್ನಾ ಹಕ್ಕರೈನೆನ್ ಮತ್ತು ಜೊತೆಗಾರರು 2006ರ ಹೊತ್ತಿಗೆ ಅಡಿಪಿಕ್ ಆಮ್ಲದ ಪಾಲಿಯೆಸ್ಟರ್‌ಗಳನ್ನು ಪಿವಿಸಿಗೆ ಬೆರೆಸಿ, ಸರಪಳಿ ಎಷ್ಟು ಉದ್ದವಿರಬೇಕು, ಎಷ್ಟು ಕವಲಿರಬೇಕು ಅಂತ ನೋಡಿದರು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಇನ್ನೊಂದು ಮುಖ್ಯ ಸಂಗತಿ ಹಿಡಿದರು. ಡಿಇಎಚ್‌ಪಿಯನ್ನೂ ಜೀವಾಣುಗಳು ಸ್ವಲ್ಪ ಮಟ್ಟಿಗೆ ಮುರಿಯುತ್ತವೆ, ಆದರೆ ಅರ್ಧಕ್ಕೇ ಬಿಡುತ್ತವೆ. ಉಳಿದ ತುಣುಕು ಮೂಲಕ್ಕಿಂತ ಹೆಚ್ಚು ವಿಷ. ಅಂದರೆ 'ಕರಗುತ್ತದೆ' ಅನ್ನುವ ಮಾತು ಸಾಲದು. ಕೊನೆಯವರೆಗೂ ಕರಗುತ್ತದೆಯೇ ಅಂತ ಕೇಳಬೇಕು. ಅಂಗಡಿಯಲ್ಲಿ 'ಬಯೋ' ಅಂತ ಬರೆದ ಚೀಲ ಕೊಟ್ಟಾಗಲೂ ಕೇಳಬೇಕಾದ ಪ್ರಶ್ನೆ ಇದೇ.

ಔಡಲವೂ ತಿರುಗಿ ಬಂದಿದೆ. ಡೆನ್ಮಾರ್ಕಿನ ಡ್ಯಾನಿಸ್ಕೊ ಕಂಪನಿ ಈ ಶತಮಾನದ ಮೊದಲ ದಶಕದಲ್ಲಿ ಔಡಲೆಣ್ಣೆಯಿಂದಲೇ ಮಾಡಿದ, ಪಿವಿಸಿಗೆ ಒಗ್ಗುವ ಎಣ್ಣೆ ಮಾರುಕಟ್ಟೆಗೆ ಬಿಟ್ಟಿತು. ಜಗತ್ತಿನ ಔಡಲೆಣ್ಣೆಯಲ್ಲಿ ಬಹುಪಾಲು ಹೋಗುವುದು ಭಾರತದಿಂದ, ಅದರಲ್ಲೂ ಗುಜರಾತಿನಿಂದ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಬ್ಯಾಕ್ಟೀರಿಯಾಗಳೇ ತಮ್ಮ ಮೈಯಲ್ಲಿ ಕೊಬ್ಬಿನಂತೆ ಕೂಡಿಟ್ಟುಕೊಳ್ಳುವ ಪಾಲಿಯೆಸ್ಟರ್ ಬೆಳೆಸುವ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅದನ್ನು ಮೊದಲು ಗುರುತಿಸಿದ್ದು ಪ್ಯಾರಿಸ್ಸಿನ ಮೋರಿಸ್ ಲೆಮ್ವಾನ್ಯ, 1926ರಲ್ಲಿ. ಸೆಮನ್ ಪಿವಿಸಿ ಕುದಿಸಿದ ಅದೇ ವರ್ಷ!

ಆದರೆ ಪಿವಿಸಿ ಪಿವಿಸಿಯೇ

ಒಂದು ಮಾತು ಬಿಚ್ಚಿ ಹೇಳಬೇಕು. ಎಣ್ಣೆ ಕರಗುವಂಥದ್ದಾದ ಮಾತ್ರಕ್ಕೆ ಪಿವಿಸಿ ಕರಗುವುದಿಲ್ಲ. ಮಣ್ಣಿನ ಜೀವಾಣು ಎಣ್ಣೆ ತಿಂದು ಹೋದರೆ ಉಳಿಯುವುದು ಗಡುಸಾದ, ಪುಡಿಪುಡಿಯಾಗುವ ಪಿವಿಸಿ. ಬೆಂಕಿ ಹಚ್ಚಿದರೆ ಹೊಗೆಯೂ ಬದಲಾಗುವುದಿಲ್ಲ. ಆಗ ಹೇಳಿದೆನಲ್ಲ, ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಸುಟ್ಟರೆ ಅದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಾಗುತ್ತದೆ, ಡಯಾಕ್ಸಿನ್ ಎಂಬ ಬಹುಕಾಲ ಉಳಿಯುವ ವಿಷವೂ ಹುಟ್ಟುತ್ತದೆ. ತಾಮ್ರಕ್ಕಾಗಿ ಕೆರೆ ಅಂಗಳದಲ್ಲಿ ಹಳೆ ವಾಯರು ಸುಡುವುದನ್ನು, ನೀರೊಲೆಗೆ ಫ್ಲೆಕ್ಸ್ ತುಂಡು ತುರುಕುವುದನ್ನು ಈ ನಾಲ್ಕೂ ತಾಲ್ಲೂಕುಗಳಲ್ಲಿ ನಾನು ನೋಡಿದ್ದೇನೆ. ಆ ಕಣ್ಣುರಿಗೆ, ಕೆಮ್ಮಿಗೆ ಸ್ವೀಡನ್ನಿನ ಪಾಲಿಯೆಸ್ಟರಿನಲ್ಲಿ ಮದ್ದಿಲ್ಲ.

ನಮ್ಮ ಆ ಹಳೆ ಕೇಬಲ್ಲನ್ನು ಸುಡಲು ಅಜ್ಜ ಬಿಡಲಿಲ್ಲ. ಕಟ್ಟೆಯ ಮೇಲೆ ಕುಂತು ಕುಡುಗೋಲಿನ ಮೊನೆಯಿಂದ ಉದ್ದಕ್ಕೆ ಸೀಳಿ, ಕಬ್ಬು ಸುಲಿದ ಹಾಗೆ ಸುಲಿದ. ಎಣ್ಣೆ ಆರಿದ್ದರಿಂದ ಸಲೀಸಾಗಿ ಬಿಟ್ಟಿತು. ಸುಟ್ಟು ಕರ್ರಗಾದ ತಾಮ್ರಕ್ಕಿಂತ ಸುಲಿದ ತಾಮ್ರಕ್ಕೆ ಗುಜರಿಯವನು ಜಾಸ್ತಿ ರೊಕ್ಕ ಕೊಟ್ಟ. ಸಿಪ್ಪೆಯನ್ನು ಮಾತ್ರ ಬೇಡ ಅಂದ. ಅದು ಗೊಬ್ಬರದ ಖಾಲಿ ಚೀಲದಲ್ಲಿ ಕಟ್ಟಿಕೊಂಡು ಹಿತ್ತಲ ಔಡಲ ಗಿಡದ ಬುಡದಲ್ಲಿ ಇನ್ನೂ ಹಾಗೇ ಬಿದ್ದಿದೆ. ಯಾರಿಗೆ ಕೊಡಬೇಕು ಅಂತ ಪಂಚಾಯ್ತಿಯಲ್ಲಿ ಕೇಳಿದ್ದೇನೆ.